ಏಳನೇ ಸಾಲು

ರಾಜಗೋಪಾಲನಗರದ ಸರ್ಕಾರಿ ಶಾಲೆಯೊಂದರಲ್ಲಿ ನಾನು ಐದನೇ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳೆಲ್ಲ ಪೀಣ್ಯದ ಕಾರ್ಖಾನೆಗಳಿಗೆ, ಗಾರ್ಮೆಂಟ್ಸ್‌ಗೆ ಹೋಗುವವರ ಮನೆಯವರು. ಕತೆ ಕೊಟ್ಟರೆ ಚೆನ್ನಾಗಿ ಓದುತ್ತಾರೆ. ಆದರೆ ಮಣ್ಣಿನ ಬಗ್ಗೆಯೋ ಮಲೇರಿಯಾ ಬಗ್ಗೆಯೋ ಒಂದು ಪುಟ ತೆರೆದರೆ ಇಡೀ ತರಗತಿ ಮಂಕಾಗಿಬಿಡುತ್ತಿತ್ತು. "ಇದರಲ್ಲಿ ಏನು ಹೇಳಿದ್ದಾರೆ?" ಎಂದು ಕೇಳಿದರೆ ಮೊದಲ ಸಾಲನ್ನೇ ಮತ್ತೆ ಒಪ್ಪಿಸುತ್ತಿದ್ದರು. ತಪ್ಪು ಅವರದಲ್ಲ. ಕತೆ ಕೇಳುವಾಗ 'ಮುಂದೇನಾಯ್ತು' ಎನ್ನಬೇಕೆಂದು ಮನೆಯಲ್ಲೇ ಕಲಿತು ಬಂದಿರುತ್ತಾರೆ. ಮಾಹಿತಿ ಕೊಡುವ ಬರಹವನ್ನು ಏನೆಂದು ಕೇಳಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟು ವರ್ಷ ನಾನೂ ಹೇಳಿಕೊಟ್ಟಿರಲಿಲ್ಲ.

ಆ ವರ್ಷ ಅದನ್ನೇ ಹಿಡಿದು ಕೂತೆ. ಮನೆಯಲ್ಲಿ ಅಚ್ಚಾದ ಕಾಗದ ಏನು ಸಿಕ್ಕರೂ ತನ್ನಿ ಎಂದೆ. ಓಆರ್‌ಎಸ್ ಪೊಟ್ಟಣ, ಕುಕ್ಕರಿನ ಜೊತೆ ಬಂದ ಹಾಳೆ, ಎರಡು ದಿನ ನೀರು ಬರುವುದಿಲ್ಲ ಎಂಬ ಪ್ರಕಟಣೆ, ಡೆಂಗಿ ಕರಪತ್ರ, ಎಲ್ಲ ಬಂದವು. ಅವನ್ನು ಸಾಲು ಸಾಲಾಗಿ ಕತ್ತರಿಸಿ, ನೆಲದ ಮೇಲೆ ಹರಡಿ, ಕಲಸಿ, ಮತ್ತೆ ಜೋಡಿಸುತ್ತಿದ್ದೆವು. 'ಮೊದಲು', 'ಆಮೇಲೆ' ಎಂದಿದ್ದರೆ ಬರೆದವರು ಕ್ರಮ ಹೇಳುತ್ತಿದ್ದಾರೆ. 'ಏಕೆಂದರೆ', 'ಆದ್ದರಿಂದ' ಎಂದಿದ್ದರೆ ಕಾರಣ ಹೇಳುತ್ತಿದ್ದಾರೆ. 'ಅದಕ್ಕಿಂತ' ಬಂತೆಂದರೆ ಎರಡನ್ನು ಪಕ್ಕಪಕ್ಕ ಇಟ್ಟು ಹೋಲಿಸುತ್ತಿದ್ದಾರೆ. ಆ ಪದಗಳ ಕೆಳಗೆ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು ಮಕ್ಕಳಿಗೆ ಆಟದಂತೆ ಹಿಡಿಸಿತು.

ಜುಲೈನಲ್ಲಿ ನಮ್ಮ ತರಗತಿಗೆ ಒಬ್ಬಳು ಹೊಸದಾಗಿ ಸೇರಿದಳು. ಯಾದಗಿರಿ ಕಡೆಯ ಹುಡುಗಿ. ಅಪ್ಪ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದ. ತಾಯಿಗೆ ಲೋಹಕ್ಕೆ ಲೇಪ ಹಾಕುವ ಒಂದು ಸಣ್ಣ ಪ್ಲೇಟಿಂಗ್ ಶೆಡ್ಡಿನಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಆಸಿಡ್‌ನಲ್ಲಿ ತೊಳೆಯುವ ಕೆಲಸ. ಬೇರೆ ಮಕ್ಕಳು ನನ್ನನ್ನು 'ಮಿಸ್' ಎಂದರೆ ಇವಳು 'ಅಕ್ಕೋರ' ಎನ್ನುತ್ತಿದ್ದಳು. ತರಗತಿ ನಕ್ಕಿತು. ಅವರ ಕಡೆ ಟೀಚರನ್ನು ಹಾಗೇ ಕರೆಯುವುದು ಎಂದು ನಾನು ಹೇಳಿದ ಮೇಲೆ ಇನ್ನಿಬ್ಬರು ತಾವೂ ಹಾಗೆ ಕರೆದು ನೋಡಿದರು. ಅವರ ಬಾಯಲ್ಲಿ ಅದು ಕೂರಲಿಲ್ಲ.

ಬಂದ ವಾರದಲ್ಲೇ ನನ್ನನ್ನು ತಿದ್ದಿದಳು. ಡೆಂಗಿ ಕರಪತ್ರವನ್ನು ನಾನು 'ಕಾರಣ, ಪರಿಣಾಮ' ಎಂಬ ಗುಂಪಿಗೆ ಹಾಕಿದ್ದೆ.

"ಅಲ್ರೀ ಅಕ್ಕೋರ. ಸೊಳ್ಳಿ ಕಾಟ ಐತಿ ಅಂತ ಒಂದ ಸಾಲಿನ್ಯಾಗ ಹೇಳ್ಯಾರ. ಉಳಿದದ್ದೆಲ್ಲ ಏನ್ ಮಾಡಬೇಕು ಅಂತ ಐತಿ. ಇದು ಸಮಸ್ಯಾ, ಪರಿಹಾರ."

ಮತ್ತೆ ಓದಿದೆ. ಅವಳು ಹೇಳಿದ್ದೇ ಸರಿಯಾಗಿತ್ತು.

ಆಗಸ್ಟಿನ ಒಂದು ದಿನ ಅವಳು ಕಾಗದದ ಬದಲು ನೋಟ್‌ಬುಕ್ ತಂದಳು. ಶಾಲೆ ಬಿಟ್ಟ ಮೇಲೆ ಅವಳು ತಾಯಿಯ ಶೆಡ್ಡಿನ ಬಾಗಿಲಲ್ಲಿ ಕಾಯುತ್ತಾ ಕೂರುತ್ತಿದ್ದಳಂತೆ. ಗೋಡೆಯ ಮೇಲಿದ್ದ ಬೋರ್ಡನ್ನು ಕೀಳಲಾಗದೆ, ಅದರಲ್ಲಿದ್ದ ಏಳು ಸಾಲುಗಳನ್ನೂ ಬರೆದುಕೊಂಡು ಬಂದಿದ್ದಳು. ತೊಟ್ಟಿಗೆ ನೀರು ತುಂಬಿ. ಕ್ಯಾನಿನ ಮುಚ್ಚಳ ತೆಗೆಯಿರಿ. ಕ್ಯಾನನ್ನು ಎತ್ತಿ. ಆಸಿಡನ್ನು ನಿಧಾನವಾಗಿ ನೀರಿಗೆ ಸುರಿಯಿರಿ. ಹೀಗೆ ಸಾಗಿ ಕೊನೆಯ ಸಾಲು: ಮೇಲಿನ ಕೆಲಸ ಆರಂಭಿಸುವ ಮುನ್ನ ಕೈಗವಸು ಮತ್ತು ಕನ್ನಡಕ ಧರಿಸಿರಬೇಕು. 'ಮುನ್ನ' ಎಂಬ ಪದದ ಕೆಳಗೆ ಅವಳು ಕೆಂಪು ಗೆರೆ ಎಳೆದಿದ್ದಳು.

"ಮೊದಲ ಹೇಳೋದನ್ನ ಕಡೀಕ ಹೇಳ್ಯಾರ್ರೀ," ಎಂದಳು. "ನಮ್ಮವ್ವಗ ಓದಾಕ ಬರಂಗಿಲ್ಲ. ಮೊದಲನೇ ದಿನ ಇನ್ನೊಬ್ಬಾಕಿ ಒಂದೊಂದ ಸಾಲು ಓದಿ ಹೇಳಿದ್ಳಂತ, ಅವ್ವ ಹಂಗ ಮಾಡ್ಕೋತ ಹೋದ್ಳಂತ. ನಾಕನೇ ಸಾಲಿಗೆ ಸಿಡೀತು."

"ಎಲ್ಲಿಗೆ?"

ಅವಳು ತನ್ನ ಬಲಗೈಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಸವರಿ ತೋರಿಸಿದಳು.

ಆ ದಿನ ಬೇರೆ ಪಾಠ ಮಾಡಲಿಲ್ಲ. ಏಳು ಸಾಲುಗಳನ್ನೂ ಕತ್ತರಿಸಿ ನೆಲಕ್ಕೆ ಹಾಕಿದೆವು. ಮಕ್ಕಳೇ ಜೋಡಿಸಿದರು. ಏಳನೆಯದು ಮೊದಲಿಗೆ ಬಂತು. ಆಮೇಲೆ ಅವಳು ಅಷ್ಟಕ್ಕೆ ಸಾಲದು ಎಂದಳು. ಮೂರು ಶೀರ್ಷಿಕೆ ಬೇಕು: ಮುಟ್ಟುವ ಮೊದಲು, ಸುರಿಯುವಾಗ, ಸಿಡಿದರೆ. ಸಿಡಿದರೆ ಏನು ಮಾಡಬೇಕೆಂದು ಆ ಬೋರ್ಡಿನಲ್ಲಿ ಇರಲೇ ಇಲ್ಲ. ನಾನು ಪಕ್ಕದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರನ್ನು ಕೇಳಿ ಬಂದೆ. ಓದಲು ಬಾರದವರಿಗೆಂದು ಪಕ್ಕದಲ್ಲಿ ಚಿತ್ರವನ್ನೂ ಬರೆದೆವು.

ಶನಿವಾರ ಶಾಲೆ ಮುಗಿದ ಮೇಲೆ ಆ ಹಾಳೆ ಹಿಡಿದು ಶೆಡ್ಡಿಗೆ ಹೋದೆ. ಅಲ್ಲಿನ ಸೂಪರ್‌ವೈಸರ್ ನಲವತ್ತರ ಆಸುಪಾಸಿನವರು.

"ಸೇಫ್ಟಿದು ಬೋರ್ಡಲ್ಲೇ ಹಾಕಿದೀವಲ್ಲಾ ಮೇಡಂ."

"ಹಾಕಿದೀರ. ಏಳನೇ ಸಾಲಲ್ಲಿದೆ."

"ಎಲ್ಲಿದ್ರೇನು, ಇದೆಯಲ್ಲ?"

"ಒಂದ್ಸಲ ಜೋರಾಗಿ ಓದ್ತಾ, ಹಾಗೇ ಕೈಯಲ್ಲಿ ಮಾಡಿ ತೋರಿಸ್ತೀರಾ?"

ಅವರು ನಗುತ್ತಲೇ ಶುರು ಮಾಡಿದರು. ಇಲ್ಲದ ಮುಚ್ಚಳ ತೆಗೆದರು, ಇಲ್ಲದ ಕ್ಯಾನು ಎತ್ತಿದರು. ನಾಲ್ಕನೇ ಸಾಲಿಗೆ ಕೈ ಬಗ್ಗಿಸಿದವರು ಅಲ್ಲೇ ನಿಂತು ತಮ್ಮ ಬರಿಗೈ ನೋಡಿಕೊಂಡರು. ನಗು ಹೋಯಿತು.

"ಯಾರ್ ಬರೆದಿದ್ದು ಇದು?" ಎಂದು ನನ್ನ ಹಾಳೆ ತೆಗೆದುಕೊಂಡರು.

"ನಮ್ಮ ಮಕ್ಕಳು," ಎಂದೆ. ಯಾವ ಮಗು ಎಂದು ಹೇಳಲಿಲ್ಲ. ಒಳಗೆ ತೊಟ್ಟಿಯ ಬಳಿ ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಿದ್ದಳು. ನಾನು ಅತ್ತ ತಿರುಗಿದೊಡನೆ ಮುಖ ತಿರುಗಿಸಿಕೊಂಡಳು. ಆಗ ನಾಚಿಕೆ ಎಂದುಕೊಂಡೆ. ಈಗ ಅದು ಹೆದರಿಕೆ ಇದ್ದೀತು ಅನ್ನಿಸುತ್ತದೆ.

ಸೋಮವಾರ ಹುಡುಗಿ ಗೇಟಿನಿಂದಲೇ ಓಡಿ ಬಂದಳು. "ಕೈಗವಸು ಕೊಟ್ಟಾರ್ರೀ ಅಕ್ಕೋರ! ಎಲ್ಲಾರಿಗೂ ಕೊಟ್ಟಾರ. ನಮ್ಮ ಹಾಳಿ ಗ್ವಾಡಿಗೆ ಅಂಟಿಸ್ಯಾರ!" ಅವತ್ತು ಮಗ್ಗಿ ಕೇಳಿದರೂ ಅವಳು ನಗುತ್ತಲೇ ಹೇಳುತ್ತಿದ್ದಳು.

ಹದಿನೈದು ದಿನ ಕಳೆದಿರಬೇಕು. ಅವಳು ಬರುವುದು ನಿಂತಿತು. ಮೂರನೇ ದಿನ ಅವರ ಬಾಡಿಗೆ ರೂಮು ಹುಡುಕಿಕೊಂಡು ಹೋದೆ. ಬೀಗವೂ ಇರಲಿಲ್ಲ, ಬಾಗಿಲು ಸುಮ್ಮನೆ ಮುಂದಕ್ಕೆ ಎಳೆದಿತ್ತು. ಪಕ್ಕದ ಮನೆಯಾಕೆ, "ಖಾಲಿ ಮಾಡ್ಕೊಂಡ್ ಒಂಟೋದ್ರು ಮಿಸ್. ಆನೇಕಲ್ ಕಡೆ ಬಿಲ್ಡಿಂಗ್ ಕೆಲಸ ಅಂತೆ," ಎಂದಳು. ಶೆಡ್ಡಿಗೆ ಹೋಗಿ ವಿಚಾರಿಸಿದೆ. "ಅವರಾಗೇ ಬಿಟ್ರು ಮೇಡಂ," ಎಂದರು ಸೂಪರ್‌ವೈಸರ್. ನಿಜವೇ ಇರಬಹುದು. ಮಗಳು ಬೋರ್ಡು ಬರೆದುಕೊಂಡ ಸುದ್ದಿ ಯಾರಿಗೋ ಗೊತ್ತಾಗಿ ತಾಯಿಯನ್ನು ಕೆಲಸ ಬಿಡಿಸಿರಲೂಬಹುದು. ಇದರಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ನನಗೆ ಇವತ್ತಿಗೂ ಬಿಡಿಸಿ ಹೇಳಲಾಗುವುದಿಲ್ಲ.

ಅವಳ ಹೆಸರು ನಮ್ಮ ಶಾಲೆಯ ಆನ್‌ಲೈನ್ ಪಟ್ಟಿಯಲ್ಲಿ ಹಾಗೇ ಉಳಿಯಿತು. ಬೇರೆ ಶಾಲೆ ಸೇರಿಸಿಕೊಂಡರೆ ಅಲ್ಲಿಂದ ಟಿಸಿಗೆ ಕೋರಿಕೆ ಬರಬೇಕು. ದಿನಾ ಮಧ್ಯಾಹ್ನ ನೋಡುತ್ತಿದ್ದೆ. ದಸರಾ ರಜೆ ಕಳೆಯಿತು, ಸಂಕ್ರಾಂತಿ ಕಳೆಯಿತು. ಶಾಲೆ ಬಿಟ್ಟ ಮಕ್ಕಳ ಪಟ್ಟಿಗೆ ಹಾಕಿಬಿಡೋಣ ಎಂದು ಮುಖ್ಯೋಪಾಧ್ಯಾಯರು ಎರಡು ಸಲ ಹೇಳಿದರು. ಇನ್ನೊಂದು ತಿಂಗಳು ನೋಡೋಣ ಸಾರ್ ಎಂದು ಎರಡು ಸಲವೂ ಬೇಡಿಕೊಂಡೆ.

ಜೂನ್‌ನಲ್ಲಿ ಕೋರಿಕೆ ಬಂತು. ಆನೇಕಲ್ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ನಂಬರ್ ಹುಡುಕಿ ಫೋನ್ ಮಾಡಿದೆ.

"ಇದಾಳೆ ಮೇಡಂ, ಆರನೇ ಕ್ಲಾಸು," ಎಂದರು ಅಲ್ಲಿಯ ಮೇಡಂ. "ಜಾಣೆ. ಆದ್ರೆ ಪುಸ್ತಕದಲ್ಲಿ ಇದು ಯಾಕೆ ಹಿಂದೆ ಬಂತು, ಅದು ಯಾಕೆ ಮುಂದೆ ಬಂತು ಅಂತ ಪ್ರಾಣ ತಿಂತಾಳೆ. ಈಗ ಊಟಕ್ಕೆ ಕೂತಿದಾಳೆ, ಕರೀಲಾ?"

"ಬೇಡ, ಊಟ ಮಾಡ್ಲಿ," ಎಂದುಬಿಟ್ಟೆ.

ಯಾಕೆ ಹಾಗಂದೆನೋ. ಕೈ ವಾಸಿಯಾಯಿತಾ ಎಂದು ಕೇಳಬೇಕಿತ್ತು. ನನ್ನಿಂದಲೇ ನೀವು ಹೋಗಬೇಕಾಯಿತಾ ಎಂದು ಕೇಳಲು ಧೈರ್ಯವಿರಲಿಲ್ಲ. ಕೋರಿಕೆಗೆ ಒಪ್ಪಿಗೆ ಒತ್ತಿದೆ. ಅವಳ ಹೆಸರು ನನ್ನ ಪಟ್ಟಿಯಿಂದ ಹೋಯಿತು.

ಆನೇಕಲ್ ಏನೂ ದೂರವಿಲ್ಲ. ಮೆಜೆಸ್ಟಿಕ್‌ಗೆ ಹೋಗಿ ಬಸ್ಸು ಬದಲಿಸಿದರೆ ಆಯಿತು. ಎಷ್ಟೋ ಭಾನುವಾರ ಹೊರಡೋಣ ಅಂದುಕೊಂಡಿದ್ದೇನೆ. ಆದರೆ ಅವಳ ಮನೆ ಎಲ್ಲಿ ಎಂದು ಗೊತ್ತಿಲ್ಲ, ಭಾನುವಾರ ಶಾಲೆಯಿಲ್ಲ. ಅವಳ ಶಾಲೆ ತೆರೆದಿರುವ ದಿನವೆಲ್ಲ ನನ್ನ ಶಾಲೆಯೂ ತೆರೆದಿರುತ್ತದೆ.