ಪಡಸಾಲೆಗೆ ಹಾಸಿದ ಸೆರಗು

ನಾನು ಮಣ್ಣಿನ ಕೆಲಸದವಳು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆಯ ಹಿಂದೆ ಭಟ್ಟಿ ಇಟ್ಟುಕೊಂಡು ಹೂದಾನಿ, ಗೋಡೆಯ ಟೈಲ್ಸ್ ಸುಡುತ್ತೇನೆ. ನನ್ನ ಹೂದಾನಿಗಳಲ್ಲಿ ಜನ ಹೂವೊಂದನ್ನು ಬಿಟ್ಟು ಎಲ್ಲವನ್ನೂ ಇಡುತ್ತಾರೆ: ಛತ್ರಿ, ಲಟ್ಟಣಿಗೆ, ಕರೆಂಟ್ ಬಿಲ್ಲು. ಹೀಗಿರುವಾಗ ಇಳಕಲ್ಲಿನ ನೇಕಾರರೊಬ್ಬರು ಹೊಸ ಮನೆಯ ಪಡಸಾಲೆಗೆ ನೆಲದ ಟೈಲ್ಸ್ ಕೇಳಿದರು. ನನ್ನ ಕೆಲಸದ ಮೇಲೆ ಜನ ಓಡಾಡುವುದು ಅದೇ ಮೊದಲು. ಖುಷಿಗೆ ಹುಚ್ಚು ಹಿಡಿಯುವುದೊಂದು ಬಾಕಿ.

ನೇಕಾರರ ಮನೆ ಅಂದಮೇಲೆ ಇಳಕಲ್ ಸೀರೆಯ ಸೆರಗನ್ನೇ ಟೈಲ್ಸಿಗೆ ಇಳಿಸಿದೆ. ಕೆಂಪಿನ ಮೇಲೆ ಬಿಳಿ ತೆನೆ. ಆ ಕೆಂಪು ಸುಮ್ಮನೆ ಬರುವುದಿಲ್ಲ. ಭಟ್ಟಿ ತೆಗೆದರೆ ಒಮ್ಮೆ ಇಟ್ಟಿಗೆ, ಒಮ್ಮೆ ಬದನೆಕಾಯಿ. ಭಟ್ಟಿಗೆ ಬಾಯಿಗೆ ಬಂದಂತೆ ಬೈದ ಮೇಲೆ ಒಪ್ಪುವ ಬಣ್ಣ ಬಂತು. ಗೋಡೆಯ ಬದಿಗೆ ಒಂದು ಗೇಣು ಗ್ರಾನೈಟ್ ಬಿಟ್ಟು ನೆಲದ ತುಂಬ ಅದನ್ನೇ ಕೂರಿಸಿದರು.

ಗೃಹಪ್ರವೇಶದ ದಿನ ನೇಕಾರರ ತಾಯಿ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಯವ್ವಾ, ಸೆರಗು ತಲಿ ಮ್ಯಾಲ ಇರೂದು. ಅದನ್ನ ತುಳಕೋತ ಅಡ್ಡಾಡಬೇಕೇನ?"

ಸೆರಗು ಹೊತ್ತೇ ಬೆಳೆದ ನನಗೆ ಇದು ಹೊಳೆದಿರಲೇ ಇಲ್ಲ! ಅಜ್ಜಿ ಹಾಗಂದದ್ದೇ ತಡ, ಬೀಗರೆಲ್ಲ ಗೋಡೆಗೆ ಬೆನ್ನು ಹಚ್ಚಿ, ಆ ಒಂದು ಗೇಣು ಕಲ್ಲಿನ ಮೇಲೆ ಅಡ್ಡಡ್ಡ ನಡೆಯತೊಡಗಿದರು. ಡೊಳ್ಳುಹೊಟ್ಟೆಯವರೊಬ್ಬರು ಹೋಳಿಗೆಯ ತಾಟು ತಲೆಯ ಮೇಲೆ ಹಿಡಿದು ಏಡಿಯ ಹಾಗೆ ಸರಿದರು.

ನೇಕಾರರು ನನ್ನನ್ನು ಬದಿಗೆ ಕರೆದು, "ಅವ್ವ ಒಪ್ಪಲಿಲ್ಲಂದ್ರ ನಾಳೆ ಕೀಳಸಬೇಕಾಗತೈತ್ರಿ" ಅಂದರು. ಸಿಮೆಂಟಿನಲ್ಲಿ ಕೂತ ಟೈಲ್ಸ್ ಇಡಿಯಾಗಿ ಏಳುವುದಿಲ್ಲ, ಚೂರಾಗುತ್ತದೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಅಷ್ಟರಲ್ಲಿ ನೇಕಾರರ ಮಗಳ ಕೂಸು ತಾಯಿಯ ಕೈಯಿಂದ ಜಾರಿ, ಅಂಬೆಗಾಲಿಡುತ್ತ ನಟ್ಟನಡುವೆ ಹೋಗಿ ಕೂತು, ಉಚ್ಚೆ ಹೊಯ್ಯಿತು. ಎತ್ತಿಕೊಳ್ಳಬೇಕೆಂದರೆ ಸೆರಗು ತುಳಿಯಬೇಕು, ಯಾರೂ ಅಲುಗಲಿಲ್ಲ. ಕೂಸು ಅದರಲ್ಲೇ ಕೈ ಬಡಿದು ಆಡಿತು, ಆಮೇಲೆ ಚಿಟ್ಟನೆ ಚೀರಿತು.

ಅಜ್ಜಿ ದಬದಬ ನಡೆದುಹೋಗಿ ಕೂಸನ್ನು ಎತ್ತಿ, ತಾವು ಹೊದ್ದ ಸೆರಗಿನಿಂದ ಅದರ ಕುಂಡಿ ಒರೆಸಿದರು. ಎಲ್ಲಿ ನಿಂತಿದ್ದೇನೆಂದು ಆಮೇಲೆ ನೋಡಿಕೊಂಡರು.

"ಏನ್ ನೋಡ್ತೀರಿ? ನನ್ನ ಮಕ್ಕಳೆಲ್ಲಾ ನನ್ನ ಸೆರಗಿನ ಮ್ಯಾಲೂ ಇದನ್ನ ಮಾಡ್ಯಾವು. ಬರ್ರಿ, ಊಟಕ್ಕ ಕೂಡ್ರಿ."

ಬೀಗರು ಗೋಡೆ ಬಿಟ್ಟು ನಡುವಿಗೆ ಬಂದರು. ನಾನೇ ಅರಿವೆ ತಂದು ನೆಲ ಒರೆಸಿದೆ. ನನ್ನ ಟೈಲ್ಸಿನೊಳಗೆ ಒಂದು ಹನಿಯೂ ಇಂಗಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಖುಷಿಯ ಭರದಲ್ಲಿ ಅದನ್ನೂ ಅದೇ ಅರಿವೆಯಿಂದ ಒರೆಸಿಕೊಂಡೆ.