ಹೆಡ್‌ಫೋನಿಗೆ ಹತ್ತಿದ ಕೊಬ್ಬರಿ ಎಣ್ಣೆ

ಮೊನ್ನೆ ಬೀರು ಖಾಲಿ ಮಾಡುವಾಗ ಹಳೆಯ ಹೆಡ್‌ಫೋನ್ ಸಿಕ್ಕಿತು. ಕಿವಿಗೆ ಕೂರುವ ಸ್ಪಂಜಿನಲ್ಲಿ ಅದೇ ಕೊಬ್ಬರಿ ಎಣ್ಣೆಯ ವಾಸನೆ. ಸೋಪು ಹಾಕಿ ಒರೆಸಿದ್ದೆ, ಬಿಸಿಲಿಗೆ ಇಟ್ಟಿದ್ದೆ, ಬೈದೂ ಇದ್ದೆ. ಹೋಗಿಲ್ಲ. ತಲೆಗೆ ಅಷ್ಟು ಎಣ್ಣೆ ಮೆತ್ತಿಕೊಂಡು ಯಾರಾದರೂ ಸ್ಟುಡಿಯೋಗೆ ಬರುತ್ತಾರೆಯೇ? ನಮ್ಮ ಬ್ಯಾಂಡಿನಲ್ಲಿ ಹಾಡುತ್ತಿದ್ದ ಅಣ್ಣ ಬರುತ್ತಿದ್ದರು.

ನಾವು ವಿಜಯನಗರ ಬಡಾವಣೆಯ ಮೂವರು ಹುಡುಗರು. ಜಾನಪದ ಪದಗಳಿಗೆ ಕಿವಿ ಕಿತ್ತುಹೋಗುವಂತೆ ಗಿಟಾರು, ಡ್ರಮ್ಸು ಬಾರಿಸಿ ಅದನ್ನು ಪಂಕ್ ಎನ್ನುತ್ತಿದ್ದೆವು. ಅಣ್ಣ ವಿಜಯಪುರದ ಕಡೆಯವರು, ಗೀಗೀ ಪದ ಹಾಡುವ ಮನೆತನ, ನಮಗಿಂತ ಬಹಳ ದೊಡ್ಡವರು. ಇಲ್ಲಿ ಮನೆ ಮನೆಗೆ ಪಾರ್ಸೆಲ್ ತಲುಪಿಸುತ್ತಿದ್ದರು. ನಮ್ಮ ಗೇಟಿನ ಬಳಿ ಗುನುಗುತ್ತಾ ನಿಂತಿದ್ದವರನ್ನು ಒಳಗೆ ಕರೆದವನು ನಾನೇ. ಆ ತಲೆನೋವನ್ನು ಕೈಯಾರೆ ತಂದುಕೊಂಡವನೂ ನಾನೇ...

ವೇದಿಕೆಯ ಮೇಲೆ ಅವರನ್ನು ಮೀರಿಸುವವರಿರಲಿಲ್ಲ. ಗೋಳು ಶುರುವಾದದ್ದು ಆಲ್ಬಮ್ ಮಾಡಲು ಹೊರಟಾಗ. ಹೆಗ್ಗನಹಳ್ಳಿಯಲ್ಲಿ ಗ್ಯಾರೇಜೊಂದರ ಮೇಲಿನ ಸ್ಟುಡಿಯೋ. ಗಾಜಿನ ಆಚೆ ಅವರು, ಈಚೆ ರೆಕಾರ್ಡಿಂಗ್ ನೋಡಿಕೊಳ್ಳುವ ನಾನು. ಸಂಗೀತ ಶುರುವಾಯಿತು. ಅವರು ಬಾಯಿ ಬಿಡಲಿಲ್ಲ.

"ಎದುರಿಗೆ ಮಂದಿ ಇಲ್ಲಲ್ಲೋ ತಮ್ಮಾ. ಗ್ವಾಡಿಗೆ ಹೆಂಗ ಹಾಡ್ಲಿ?"

ಗೋಡೆಗೆ ಹಾಡುವುದಿಲ್ಲವಂತೆ. ಸರಿ, ಕೆಳಗಿನ ಟೀ ಅಂಗಡಿಯ ಆಂಟಿಯನ್ನು ಕರೆತಂದು ಕುರ್ಚಿ ಹಾಕಿದೆವು. ಹಾಡಿದರು, ಮೈ ಜುಮ್ಮೆನ್ನುವಂತೆ ಹಾಡಿದರು. ಎರಡನೆಯ ನುಡಿಯಲ್ಲಿ ಆಂಟಿಯ ಹೆಸರು ಸೇರಿಸಿ ಅವರ ಶುಂಠಿ ಟೀಯನ್ನೂ ಹೊಗಳಿಬಿಟ್ಟರು! ಎದುರು ಕೂತವರ ಹೆಸರು ಪದದಲ್ಲಿ ಬರಲೇಬೇಕಂತೆ, ಅವರ ಮೇಳದ ಪದ್ಧತಿಯಂತೆ. ಮತ್ತೊಮ್ಮೆ ಹಾಡಿಸುವ ಹೊತ್ತಿಗೆ ಆಂಟಿ ಅಂಗಡಿಗೆ ಹೋಗಿದ್ದರು, ಗ್ಯಾರೇಜಿನ ಮೆಕ್ಯಾನಿಕ್ ಬಂದು ಕೂತಿದ್ದ. ಟೀ ಹೋಯಿತು, ಸ್ಪ್ಯಾನರ್ ಬಂತು. ಒಂದು ಟೇಕಿನ ಸಾಲನ್ನು ಇನ್ನೊಂದಕ್ಕೆ ಅಂಟಿಸೋಣವೆಂದರೆ ಯಾವುದೂ ಯಾವುದಕ್ಕೂ ಕೂಡುತ್ತಿರಲಿಲ್ಲ.

"ಅಣ್ಣ, ಬರ್ದಿರೋದನ್ನ ಮಾತ್ರ ಹಾಡಿ, ಪ್ಲೀಸ್. ಇದು ಆಲ್ಬಮ್ಮು. ಯಾರ್ ಕೇಳ್ತಾರೆ ಅಂತ ನಮಗೇ ಗೊತ್ತಿಲ್ಲ," ಎಂದು ರೇಗಿದೆ.

"ಗೊತ್ತಿಲ್ಲದವ್ರಿಗೆ ಯಾಕ ಹಾಡ್ಬೇಕೋ?"

ಇಂಥವರ ಹತ್ತಿರ ಏನು ಮಾತಾಡುವುದು! ತಿಂಗಳುಗಟ್ಟಲೆ ಹೀಗೇ... ನಮ್ಮ ಡ್ರಮ್ಮರ್ ಬ್ಯಾಂಡನ್ನೇ ಬಿಡುತ್ತೇನೆಂದ. ಆಲ್ಬಮ್ ಆಗದಿದ್ದರೆ ಬ್ಯಾಂಡಿಗೆ ಉಳಿಗಾಲವಿರಲಿಲ್ಲ. ಕೊನೆಗೆ ನಾನೇ ಸೋತೆ. ಒಂದೊಂದು ಹಾಡಿಗೂ ಒಂದೇ ಟೇಕ್, ಯಾರ ಹೆಸರು ಬೇಕಾದರೂ ಬರಲಿ ಎಂದೆ. ಆರು ಹಾಡುಗಳು ಮುಗಿದವು. ಏಳನೆಯದೊಂದು ಬಾಕಿ.

"ಇದಕ್ಕ ನೀನ ಬಂದು ಕುಂದ್ರು," ಎಂದರು.

"ನಾನ್ ಅಲ್ಲಿ ಕೂತ್ರೆ ಇಲ್ಲಿ ಬಟನ್ ಯಾರ್ ಒತ್ತೋದು? ಬೇರೆ ಯಾರನ್ನಾದ್ರೂ ಕೂರಿಸ್ಕೊಳ್ಳಿ ಅಣ್ಣ."

"ಹಂಗಾರ ಊರಿಂದ ಬಂದ ಮ್ಯಾಲ ನೋಡೂಣು. ನಿನ್ನ ಬಿಟ್ಟು ಹಾಡಂಗಿಲ್ಲ."

ಹಠ ನೋಡಿ! ಸಿಟ್ಟಿನಲ್ಲಿ ನಾನು ಅವರನ್ನು ಬಸ್ಸಿಗೆ ಬಿಡಲೂ ಹೋಗಲಿಲ್ಲ. ಹೋದವರು ಬರಲಿಲ್ಲ. ಎದೆನೋವಂತೆ... ನಾವು ಊರು ತಲುಪುವಷ್ಟರಲ್ಲಿ ಮಣ್ಣಾಗಿತ್ತು.

ಆಲ್ಬಮ್ ಆರೇ ಹಾಡುಗಳೊಂದಿಗೆ ಹೊರಬಂತು. ಟೀ ಅಂಗಡಿಯಲ್ಲಿ ಈಗಲೂ ಆಂಟಿ ತಮ್ಮ ಹಾಡು ಹಾಕಿಕೊಂಡು, "ಇರಿ, ಈಗ ನನ್ ಹೆಸ್ರು ಬರುತ್ತೆ," ಎಂದು ಗಿರಾಕಿಗಳನ್ನು ನಿಲ್ಲಿಸುತ್ತಾರೆ. ಮೆಕ್ಯಾನಿಕ್‌ನ ಫೋನು ಹೊಡೆದುಕೊಂಡರೆ ಅವನದೇ ಹೆಸರು. ಹೇಳಬಾರದು, ನನಗೆ ಹೊಟ್ಟೆಕಿಚ್ಚಾಗುತ್ತದೆ. ಅವರನ್ನು ಕರೆತಂದವನು ನಾನು. ಒಂದು ಹಾಡಿನಲ್ಲೂ ನಾನಿಲ್ಲ.

ಏಳನೆಯದರ ಸಂಗೀತವಷ್ಟೇ ನನ್ನ ಹತ್ತಿರ ಉಳಿದಿದೆ. ಮೊನ್ನೆ ಆ ಹೆಡ್‌ಫೋನ್ ಹಾಕಿಕೊಂಡು, ಆ ಸಂಗೀತ ಶುರು ಮಾಡಿ, ಕುರ್ಚಿ ಎಳೆದುಕೊಂಡು ಕೂತೆ. ಎಣ್ಣೆ ಕಿವಿಗೆಲ್ಲ ಹತ್ತಿತು. ಹಾಡು ಶುರುವಾಗಬೇಕಾದ ಜಾಗ ಬಂತು, ಹೋಯಿತು.

"ಬಂದ್ ಕೂತಿದೀನಿ ಅಣ್ಣ, ಹಾಡಿ," ಎಂದೆ, ಗೋಡೆಗೆ.