ಸೂಜಿ ಕುದಿಸುವ ರಂಗನಾಯಕಿ

“ಏಮ್ಮಾ, ಕೈ ತೆಗಿ! ನನ್ ಸೂಜಿ ಮುಟ್ಟಾಕೆ ನೀನ್ಯಾರು?”

“ತಿಂದಾಕಲ್ಲಪ್ಪ, ಕುದ್ಸಿ ಕೊಡ್ತೀನಿ. ಈಗಿನ್ನ ಕುಪ್ಪಸ್ವಾಮಿಗೆ ಚುಚ್ಚಿದ್ದಲ್ವಾ ಅದು? ಅವನ ಕಣ್ಣು ನೋಡು, ಅರಿಸಿನ ಬಳಿದಂಗೈತೆ!”

ಸೇಲಂ ಬಳಿಯ ತಾರಮಂಗಲಂ ಆಚೆ, ಕನ್ನಡ ಮಾತಾಡುವ ಕುರಿಗಾರರ ಹಟ್ಟಿಯಲ್ಲಿ ಈಗಷ್ಟೇ ಬೆಳಗಾಗುತ್ತಿದೆ. ಕೂಗಾಡುತ್ತಿರುವವನು ನಾಗರಾಜನ್. ಸೈಕಲ್ಲಿನಲ್ಲಿ ಊರೂರು ತಿರುಗಿ ಜ್ವರಕ್ಕೆ ಸೂಜಿ ಹಾಕುತ್ತಾನೆ, ಡಾಕ್ಟರಿಕೆ ಓದಿದವನಲ್ಲ. ಎದುರು ನಿಂತವರು ಕಾಮಾಲೆ ಪರೀಕ್ಷೆಯ ತಂಡದ ರಂಗನಾಯಕಿ. ಇಬ್ಬರ ನಡುವೆ ಜ್ವರದ ಹುಡುಗಿ ಶಾರದ ತೋಳು ಚಾಚಿ ಕೂತಿದ್ದಾಳೆ. ಪಕ್ಕದಲ್ಲೇ ಕೂತ ಹಟ್ಟಿಯ ಕುಪ್ಪಸ್ವಾಮಿಯ ತೋಳಿಂದ ಬಂದ ಸೂಜಿ ಇನ್ನು ಅವಳ ತೋಳಿಗೆ.

ಕಾಮಾಲೆಯಲ್ಲಿ ರಕ್ತದಿಂದ ರಕ್ತಕ್ಕೆ ದಾಟುವ ಬಗೆಯೊಂದಿದೆ. ಡಾಕ್ಟರರು ಅದನ್ನು ಹೆಪಟೈಟಿಸ್ ಬಿ ಎನ್ನುತ್ತಾರೆ. ಅದು ಯಾರಲ್ಲಿದೆ ಎಂದು ತಿಳಿಯಲು ಹಳ್ಳಿಗಳಲ್ಲಿ ರಕ್ತ ತೆಗೆದು ಪಟ್ಟಣಕ್ಕೆ ಕಳಿಸುತ್ತಾರೆ. ಡಾಕ್ಟರರು ಬಿಸಿಲೇರಿದ ಮೇಲೆ ಜೀಪಿನಲ್ಲಿ ಬರುತ್ತಾರೆ. ರಂಗನಾಯಕಿ ಮೊದಲ ಬಸ್ಸಿಗೇ ಹೊರಟು, ಉಳಿದ ದಾರಿ ನಡೆದು, ಜನರನ್ನು ಒಪ್ಪಿಸಿ, ಸೂಜಿ ಕುದಿಸಿಟ್ಟಿರಬೇಕು. ಸೇಲಂ ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ ಕಲಿತ ಕೆಲಸ. ಸೀಮೆಣ್ಣೆ ಸ್ಟೌ, ಮುಚ್ಚಳದ ಪಾತ್ರೆ ತಲೆಯ ಮೇಲೆ. ಜೀಪಿನ ಫೋಟೋ ಪತ್ರಿಕೆಯಲ್ಲಿ ಬಂತು. ಈ ತಲೆಹೊರೆಯ ಫೋಟೋ ಯಾರಿಗೂ ಬೇಕಾಗಲಿಲ್ಲ.

“ಜೀಪ್ ಕಂಡ್ರೆ ಗಂಡಸ್ರೆಲ್ಲ ಜಾಲಿ ಮರೆಗೆ ಓಡ್ತಾರೆ” ಎಂದು ರಂಗನಾಯಕಿ ನಗುತ್ತಾರೆ. “ಮಕ್ಕಳಾಗ್ದಂಗೆ ಮಾಡೋ ಆಪರೇಷನ್ ಅಲ್ಲಪ್ಪೋ, ಬರೀ ರಕ್ತ ಅಂತ ಕೂಗ್ತೀನಿ. ಆಮ್ಯಾಕೆ ಎಂಗಸ್ರೇ ಪಂಚೆ ಇಡ್ಕೊಂಡು ಎಳ್ಕೊಂಡ್ ಬರ್ತಾರೆ.”

ಇವತ್ತು ಎಳೆಯಬೇಕಾದದ್ದು ಶಾರದಳ ತೋಳನ್ನು. ಅದು ಅವಳ ಅಜ್ಜಿ ಮಾರಕ್ಕನ ಕೈಯಲ್ಲಿದೆ. ಮಾರಕ್ಕನಿಗೆ ಜ್ವರ ಇಳಿಯಬೇಕು, ಸೂಜಿ ಎಂಥದಾದರೇನು? ನಮ್ಮ ಜನ ಹೀಗೇ, ಚುಚ್ಚಿ ನೋಯಿಸಿದರೇ ಔಷಧಿ ಎಂದು ನಂಬುತ್ತಾರೆ.

“ಮಾರಕ್ಕ, ಅಮ್ಮೆ ರೋಗ ಬಿದ್ದ ಅಟ್ಟಿ ಟಗರನ್ನ ನಿನ್ ಕುರಿ ರೊಪ್ಪಕ್ಕೆ ಬಿಡ್ತೀಯಾ?” ಎಂದರು ರಂಗನಾಯಕಿ.

“ಬಾಯ್ ತೊಳ್ಕೊ! ಆ ಅಟ್ಟಿಯಿಂದ ಬಂದ ನೆಂಟನ್ನೂ ಕಾಲು ತೊಳೀದೆ ನಾವು ರೊಪ್ಪದೊಳಗೆ ಬಿಡಾಕಿಲ್ಲ.”

“ಈ ಸೂಜಿ ಕಾಲು ತೊಳೆದೈತಾ?”

ಮಾರಕ್ಕ ಸೂಜಿ ನೋಡಿದಳು, ಕುಪ್ಪಸ್ವಾಮಿಯ ಕಣ್ಣು ನೋಡಿದಳು, ಮೊಮ್ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು. “ಕುದ್ಸಿ ಚುಚ್ಚಪ್ಪಾ. ಇಲ್ಲಾಂದ್ರೆ ಓಗ್ತಾ ಇರು.”

“ಕುದ್ಸಾಕೆಲ್ಲ ನಂಗೆ ಟೇಮಿಲ್ಲ! ನಾಳೆ ನೀವೇ ಕಾಲು ಇಡೀತೀರಾ!” ನಾಗರಾಜನ್ ಚೀಲ ಕಟ್ಟಿ ಸೈಕಲ್ ಹತ್ತಿದ.

ಶಾರದಳಿಗೆ ರಂಗನಾಯಕಿ ಜ್ವರದ ಮಾತ್ರೆ ನುಂಗಿಸಿ, ಡಾಕ್ಟರರ ಜೀಪು ಬರುವವರೆಗೆ ನೆರಳಲ್ಲಿ ಮಲಗಿಸುತ್ತಾರೆ. ಸ್ಟೌ ಮೇಲೆ ನೀರು ಕುದಿಯುತ್ತಿದೆ. “ಎಂಗೂ ಕುದೀತೈತೆ, ಕಾಪಿ ಪುಡಿ ಆಕ್ಲಾ?” ಎನ್ನುತ್ತಾಳೆ ಮಾರಕ್ಕ.

“ಅಯ್ಯೋ, ಬೇರೆ ಪಾತ್ರೆ ತಾರಕ್ಕಾ! ಇದು ಸೂಜಿದು!”

ಜೀಪು ಬಂದ ಮೇಲೆ ರಕ್ತ ಕೊಡಲು ಮೊದಲು ತೋಳು ಚಾಚಿದವಳು ಮಾರಕ್ಕನೇ. ಜಾಲಿ ಮರೆಯ ಗಂಡಸರೂ ಒಬ್ಬೊಬ್ಬರಾಗಿ ಬಂದರು.

ಆಸೆ ಏನಮ್ಮಾ ಎಂದರೆ ರಂಗನಾಯಕಿ ಸೈಕಲ್ ಹೋದ ದಾರಿಯ ಕಡೆ ಕೈ ತೋರಿಸುತ್ತಾರೆ. “ಅವನೂ ಕುದ್ಸಾದು ಕಲೀಲಿ. ಅವನ ಕೈ ನೋಯ್ಸಲ್ಲ, ಒಳ್ಳೆ ಕೈ. ಬರ್ಲಿ, ಸೀಮೆಣ್ಣೆ ನಂದೇ.”

ನಾಗರಾಜನ್ ಇಂದಿಗೂ ಆ ಹಟ್ಟಿಯತ್ತ ಸೈಕಲ್ ತಿರುಗಿಸಿಲ್ಲ.